ಸೋಮವಾರದ ಆರು ಸಾವಿರ

2021ರಲ್ಲಿ ಗೋಡೌನ್ ಕಟ್ಟಲು 15 ಲಕ್ಷ ಸಾಲ ಕೇಳಿಕೊಂಡು ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರ್ ನನ್ನ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತಿರುವಿ ನೋಡಿ, "ವರ್ಷಕ್ಕೆ 3.8 ಲಕ್ಷದಲ್ಲಿ ಮನೆ ನಡೆಸಿ, ತಿಂಗಳಿಗೆ 20 ಸಾವಿರ ಕಂತು ಎಲ್ಲಿಂದ ಕಟ್ತೀರಿ ಸಾರ್?" ಎಂದರು. ಉತ್ತರ ನನ್ನ ಬಾಯಲ್ಲೇ ಇತ್ತು, ಹೇಳುವ ಹಾಗಿರಲಿಲ್ಲ. ದಾವಣಗೆರೆಯಲ್ಲಿ ನನ್ನದು ಹಾರ್ಡ್‌ವೇರ್ ಮತ್ತು ಎಲೆಕ್ಟ್ರಿಕಲ್ ಅಂಗಡಿ. ನಿಜವಾದ ಲಾಭ ರಿಟರ್ನ್‌ನಲ್ಲಿ ತೋರಿಸಿದ್ದರ ಎರಡರಷ್ಟು ಇತ್ತು. 44ಎಡಿಯಲ್ಲಿ, ಅಂದರೆ ಪೂರ್ತಿ ಲೆಕ್ಕಪುಸ್ತಕ ಇಡದೆ ವ್ಯಾಪಾರದ ಇಂತಿಷ್ಟು ಪಾಲನ್ನು ಲಾಭ ಅಂತ ತೋರಿಸುವ ಇನ್‌ಕಮ್ ಟ್ಯಾಕ್ಸ್ ಸೆಕ್ಷನ್‌ನಲ್ಲಿ, ಆರು, ಎಂಟು ಪರ್ಸೆಂಟ್ ತೋರಿಸಿ ಕೈ ತೊಳೆದುಕೊಳ್ಳುತ್ತಿದ್ದೆ, ಎಲ್ಲರ ಹಾಗೆ. ಆಗ ಐದು ಲಕ್ಷದ ಒಳಗಿದ್ದರೆ ತೆರಿಗೆಯೂ ಇರಲಿಲ್ಲ, ತಲೆನೋವೂ ಇರಲಿಲ್ಲ. ಸಾಲ ಮಾತ್ರ ಸಿಗಲಿಲ್ಲ.

ಅದೇ ಬ್ಯಾಂಕಿನಲ್ಲಿ ಹೋದ ವರ್ಷ ಕೊನೆಗೆ 18 ಲಕ್ಷ ಸಿಕ್ಕಿತು. ಮೂರು ವಾರವೂ ಹಿಡಿಯಲಿಲ್ಲ. ಮಧ್ಯದ ನಾಲ್ಕು ವರ್ಷ ಏನು ಮಾಡಿದೆ ಅನ್ನುವುದನ್ನೇ ಬರೆಯುತ್ತಿದ್ದೇನೆ. ಯಾಕಂದ್ರೆ ಆಗ ನಕ್ಕವರೇ ಈಗ ಬಂದು ಕೇಳುತ್ತಿದ್ದಾರೆ.

ಮೊದಲು ಸೋತ ಕಥೆ. ಜಿಎಸ್‌ಟಿ ಹಣವನ್ನು ನನ್ನ ಹಣ ಅಂದುಕೊಂಡಿದ್ದೇ ದೊಡ್ಡ ತಪ್ಪು. ಗಲ್ಲಾದಲ್ಲಿ ದುಡ್ಡು ಕಂಡರೆ ಅದರಲ್ಲೇ ಮಾಲು, ಅದರಲ್ಲೇ ಮಕ್ಕಳ ಫೀಸು, ಅದರಲ್ಲೇ ಮನೆಯ ಶೀಟು. ಜಿಎಸ್‌ಟಿ ಕಟ್ಟುವ 20ನೇ ತಾರೀಕು ಬಂದರೆ ಕೈ ಖಾಲಿ. ಒಬ್ಬ ಕಂಟ್ರಾಕ್ಟರ್‌ಗೆ ವೈರು, ಪೈಪು ಎಲ್ಲ ಸೇರಿ 1.8 ಲಕ್ಷದ ಬಿಲ್ ಉದ್ರಿ ಕೊಟ್ಟೆ. ಅದರಲ್ಲಿ ಜಿಎಸ್‌ಟಿಯೇ 27 ಸಾವಿರ ಚಿಲ್ಲರೆ. ಅವರು ಹಣ ಕೊಟ್ಟಿದ್ದು ಏಳು ತಿಂಗಳಿಗೆ. ಸರ್ಕಾರ ಏಳು ತಿಂಗಳು ಕಾಯುತ್ತಾ? ಮನೆಯವಳ ಎರಡು ಬಳೆ ಅಡ ಇಟ್ಟು ಕಟ್ಟಿದೆ. ಇನ್ನೊಂದು ಸಲ ತಡವಾಗಿ ದಿನಕ್ಕೆ 50 ರೂಪಾಯಿ ಲೇಟ್ ಫೀ, ಮೇಲೆ 18 ಪರ್ಸೆಂಟ್ ಬಡ್ಡಿ. ಹಾಗೇ ಒಬ್ಬ ಹೋಲ್‌ಸೇಲ್‌ನವರು ಬಿಲ್ ಅಪ್‌ಲೋಡ್ ಮಾಡದೆ 31 ಸಾವಿರ ಇನ್‌ಪುಟ್ (ಮಾಲು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿ, ನಾವು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳುವುದು) ನಿಂತುಹೋಯಿತು. ಈಗ ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯಲ್ಲಿ ಬಿಲ್ ಕಾಣುವವರೆಗೂ ಯಾವ ಪಾರ್ಟಿಗೂ ತೆರಿಗೆಯಷ್ಟು ಹಣ ಬಿಡುವುದಿಲ್ಲ. ಬೈಯುತ್ತಾರೆ, ಬೈಯಲಿ.

ಇನ್ನೊಂದು ಪೆಟ್ಟು 2020ರ ಮಾರ್ಚ್‌ನಲ್ಲಿ. ಪರಿಚಯದ ಏಜೆಂಟ್ ಬಂದು "ತೆರಿಗೆ ಉಳಿಯುತ್ತೆ ಅಣ್ಣ" ಎಂದು ವರ್ಷಕ್ಕೆ 48 ಸಾವಿರದ ಪಾಲಿಸಿ ಮಾಡಿಸಿದ. ನನ್ನ ರಿಟರ್ನ್‌ನಲ್ಲಿ ಕಟ್ಟಬೇಕಾದ ತೆರಿಗೆಯೇ ಇರಲಿಲ್ಲ, ಉಳಿಯುವುದೇನು ಮಣ್ಣು! ಮೂರು ವರ್ಷ ಕಟ್ಟಿ ಬಿಟ್ಟೆ. ವಾಪಸ್ ಬಂದಿದ್ದು 60 ಸಾವಿರದ ಹತ್ತಿರ.

ಕಾಂಪೊಸಿಷನ್‌ನಲ್ಲೂ, ಅಂದರೆ ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆಯಲ್ಲೂ, ಒಂದು ವರ್ಷ ಇದ್ದೆ, 2019-20ರಲ್ಲಿ. ಒಂದೇ ಪರ್ಸೆಂಟ್, ಮೂರು ತಿಂಗಳಿಗೊಮ್ಮೆ ಕಟ್ಟಿದರೆ ಸಾಕು, ಸುಖ ಅನ್ನಿಸಿತ್ತು. ಆದರೆ ಟ್ಯಾಕ್ಸ್ ಬಿಲ್ ಕೊಡುವ ಹಾಗಿಲ್ಲ. ಕಂಟ್ರಾಕ್ಟರ್‌ಗಳಿಗೆ ಇನ್‌ಪುಟ್ ಬೇಕು, ಒಬ್ಬೊಬ್ಬರೇ ಜಾರಿಕೊಂಡರು. 70 ಲಕ್ಷದ ವ್ಯಾಪಾರ 55ಕ್ಕೆ ಇಳಿಯಿತು. ಕಿರಾಣಿ, ಬಟ್ಟೆಯವರಿಗೆ ಅದು ಸರಿ. ನಮ್ಮ ಲೈನಿಗಲ್ಲ.

ಈಗ ನಾನು ಮಾಡಿದ್ದು. ಮೂರು ಖಾತೆ. ಅಂಗಡಿಯ ಕರೆಂಟ್ ಅಕೌಂಟ್‌ಗೆ ಎಲ್ಲ ಕ್ಯೂಆರ್, ಎಲ್ಲ ಚೆಕ್ಕು, ಸಂಜೆಯ ಕ್ಯಾಶೂ. ಎರಡನೆಯದು ಬೇರೆ ಬ್ಯಾಂಕಿನಲ್ಲಿ, ತೆರಿಗೆಗೆ ಮಾತ್ರ. ಅದಕ್ಕೆ ಫೋನ್‌ಪೇ, ಗೂಗಲ್‌ಪೇ ಏನೂ ಜೋಡಿಸಿಲ್ಲ. ಎಟಿಎಂ ಕಾರ್ಡ್ ಮನೆಯವಳ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿದೆ, ಕೇಳಿದರೆ ಯಾಕೆ, ಏನು ಅಂತ ಹತ್ತು ಪ್ರಶ್ನೆ ಹಾಕುತ್ತಾಳೆ. ಮೂರನೆಯದು ಮನೆಯದು.

ಪ್ರತಿ ಸೋಮವಾರ ಶಟರ್ ಎತ್ತುವ ಮೊದಲು ಮೆಟ್ಟಿಲ ಮೇಲೆ ಕೂತು ಆರು ಸಾವಿರ ಎರಡನೇ ಖಾತೆಗೆ ಕಳಿಸುತ್ತೇನೆ. ಐದು ಸಾವಿರ ಜಿಎಸ್‌ಟಿಗೆ, ಒಂದು ಸಾವಿರ ಇನ್‌ಕಮ್ ಟ್ಯಾಕ್ಸ್‌ಗೆ. ವಾರದ ವ್ಯಾಪಾರ 1.7 ಲಕ್ಷದ ಆಸುಪಾಸು, ಮಾರ್ಜಿನ್ ಹದಿನೈದು ಪರ್ಸೆಂಟ್ ಅಂತಿಟ್ಟುಕೊಳ್ಳಿ. ಇನ್‌ಪುಟ್ ಕಳೆದ ಮೇಲೆ ಕೈಯಿಂದ ಕಟ್ಟುವುದು ಮಾರ್ಜಿನ್ ಮೇಲಿನ 18 ಪರ್ಸೆಂಟ್ ಮಾತ್ರ ಅಲ್ವಾ, ಲೆಕ್ಕ ಹೆಚ್ಚೂಕಡಿಮೆ ಕೂಡಿ ಬರುತ್ತದೆ. ಮನೆಗೆ ಒಂದನೇ ತಾರೀಕು 40 ಸಾವಿರ ಸಂಬಳ, ಅಷ್ಟೇ. ಮದುವೆ ಬಂದರೂ ಅಷ್ಟೇ. ಮೊದಲ ಆರು ತಿಂಗಳು ಮನೆಯಲ್ಲಿ ದೊಡ್ಡ ಜಗಳ. ಅಪ್ಪನಂತೂ, "ನಿನ್ನ ಅಂಗಡಿಗೆ ನೀನೇ ಆಳಾ?" ಅಂದರು.

ಜನ ಎಲ್ಲಕ್ಕಿಂತ ಜಾಸ್ತಿ ನಕ್ಕಿದ್ದು ರಿಟರ್ನ್ ವಿಷಯಕ್ಕೆ. ನಿಜವಾದ ಲಾಭವನ್ನೇ ತೋರಿಸಿದೆ. 44ಎಡಿಯಲ್ಲೇ ಇದ್ದೆ, ಅದರಲ್ಲಿ ಆರು ಪರ್ಸೆಂಟ್‌ಗಿಂತ ಹೆಚ್ಚು ತೋರಿಸಲು ಯಾರೂ ಬೇಡ ಅನ್ನುವುದಿಲ್ಲ. ಅದನ್ನು ಬಿಟ್ಟು ಹೋದರೆ ಐದು ವರ್ಷ ಮತ್ತೆ ಅದಕ್ಕೆ ಬರುವ ಹಾಗಿಲ್ಲ. 2022-23ಕ್ಕೆ 8 ಲಕ್ಷ, ಮುಂದಿನ ವರ್ಷ ಎಂಟೂವರೆ, ಆಮೇಲೆ 9. ಆಡಿಟರ್ ಅವರೇ "ಯಾಕೆ ಸಾರ್ ಮೈಮೇಲೆ ಎಳ್ಕೋತೀರಿ?" ಎಂದರು. ಮೂರು ವರ್ಷಕ್ಕೆ ಒಟ್ಟು 1.3 ಲಕ್ಷದ ಹತ್ತಿರ ತೆರಿಗೆ ಕಟ್ಟಿದೆ ಅಂತ ನೆನಪು. ಚಹಾ ಅಂಗಡಿಯಲ್ಲಿ ನನ್ನ ಹೆಸರೇ 'ದಾನಶೂರ' ಅಂತ ಆಗಿತ್ತು. ಸಾಲದ ಅರ್ಜಿಗೆ ಮೂರು ವರ್ಷದ ರಿಟರ್ನ್, ಜಿಎಸ್‌ಟಿ, ಸ್ಟೇಟ್‌ಮೆಂಟ್ ಇಟ್ಟಾಗ ಮೂರರಲ್ಲೂ ಒಂದೇ ಲೆಕ್ಕ. ಮ್ಯಾನೇಜರ್ ಬೇರೆಯವರು, ಪ್ರಶ್ನೆ ಬರಲಿಲ್ಲ. ಕಂತು 24 ಸಾವಿರದ ಹತ್ತಿರ.

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆಯಿಂದ ವ್ಯಾಪಾರಿಗಳಿಗೆ ನೋಟಿಸ್‌ಗಳು ಬಂದಾಗ ನಮ್ಮ ಸಾಲಿನಲ್ಲೇ ಎಷ್ಟೋ ಜನ ಕ್ಯೂಆರ್ ಕಿತ್ತು ಒಳಗಿಟ್ಟರು. ನನ್ನ ಸೌಂಡ್‌ಬಾಕ್ಸ್ ಕೂಗುತ್ತಲೇ ಇತ್ತು. ಸ್ವಲ್ಪ ಜಂಬ ಅನ್ನಿ.

ಮಧ್ಯೆ ಒಂದು ಆಟವನ್ನೂ ಆಡಿದ್ದೆ. ಎರಡನೇ ಖಾತೆಗೆ ಸ್ವೀಪ್ (ಹೆಚ್ಚಿನ ಹಣ ತಾನಾಗೇ ಎಫ್‌ಡಿಗೆ ಹೋಗುವ ಸೌಲಭ್ಯ) ಹಾಕಿಸಿದೆ, ಸುಮ್ನೆ ಬಿದ್ದಿರುವ ಹಣ ಬಡ್ಡಿಯಾದರೂ ತರಲಿ ಅಂತ. ವರ್ಷಕ್ಕೆ ಸಾವಿರದೈನೂರು ಬಂತು. ಆದರೆ 20ನೇ ತಾರೀಕಿಗೆ ಒಮ್ಮೆ ಹಣ ಎಫ್‌ಡಿಯಿಂದ ಇಳಿಯಲು ತಕರಾರು ಮಾಡಿ ಬೆವರಿಳಿಸಿತು. ತೆಗೆಸಿಬಿಟ್ಟೆ.

ಇನ್‌ಕಮ್ ಟ್ಯಾಕ್ಸ್‌ನ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲವಾದ್ದರಿಂದ 2025-26ಕ್ಕೆ ನನ್ನ 9 ಲಕ್ಷಕ್ಕೆ ಸೊನ್ನೆ. ಆ ವಾರದ ಸಾವಿರ ಈಗ ಮಗಳ ಸುಕನ್ಯಾ ಖಾತೆಗೆ ಹೋಗುತ್ತಿದೆ, 2025-26ರಲ್ಲಿ ಅದರ ಬಡ್ಡಿ 8.2 ಪರ್ಸೆಂಟ್ ಇತ್ತು.

ಉದ್ರಿಯವರಿಂದ 20ರೊಳಗೆ ಕನಿಷ್ಠ ತೆರಿಗೆಯ ಭಾಗವನ್ನು ಹೇಗೆ ವಸೂಲಿ ಮಾಡುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಬರೆಯುವುದಿಲ್ಲ, ಪಕ್ಕದ ಅಂಗಡಿಯವರೂ ಓದುತ್ತಾರೆ. ಹಾಗಂತ ಪೂರ್ತಿ ಗೆದ್ದಿಲ್ಲ. ನಾಲ್ಕು ಲಕ್ಷ ಇನ್ನೂ ಹೊರಗಿದೆ. ಅದರಲ್ಲಿ ಎಪ್ಪತ್ತು ಸಾವಿರ ನಮ್ಮ ಬೀಗರದ್ದು.