ಫಾಲ್ಸ್ ಸೀಲಿಂಗ್ ಮುಚ್ಚುವ ಮುನ್ನ: ಕಟ್ಟಡದೊಳಗೆ ಮೊಬೈಲ್ ಸಿಗ್ನಲ್ ಹಂಚುವುದು ಹೇಗೆ?

ಕಿಟಕಿಯಾಚೆ ಟವರ್ ಕಣ್ಣಿಗೇ ಕಾಣುತ್ತದೆ, ಫೋನಿನಲ್ಲಿ ಮಾತ್ರ ಒಂದು ಕಡ್ಡಿಯೂ ಇಲ್ಲ. ಕಬ್ಬಿಣ ತುಂಬಿದ ಕಾಂಕ್ರೀಟು, ಬಿಸಿಲು ತಡೆಯಲು ಲೋಹದ ಲೇಪ ಕೊಟ್ಟ ಗಾಜು ಎರಡೂ ಸಿಗ್ನಲ್ ನುಂಗುತ್ತವೆ. ಅದಕ್ಕೇ ದೊಡ್ಡ ಕಟ್ಟಡಗಳಲ್ಲಿ ಸಿಗ್ನಲನ್ನು ಕೇಬಲ್‌ನಲ್ಲಿ ಒಳಗೆ ತಂದು, ಸೀಲಿಂಗಿನ ಪುಟ್ಟ ಆಂಟೆನಾಗಳಿಂದ ಹಂಚುತ್ತಾರೆ. ಈ ವ್ಯವಸ್ಥೆಗೆ ‘ಡಾಸ್’ (ಡಿಸ್ಟ್ರಿಬ್ಯೂಟೆಡ್ ಆಂಟೆನಾ ಸಿಸ್ಟಮ್) ಎಂದು ಹೆಸರು.

ಆನ್‌ಲೈನಿನಲ್ಲಿ ಸಿಗುವ ಬೂಸ್ಟರ್ ತಂದು ಹಾಕಬೇಡಿ. ಅನುಮತಿಯಿಲ್ಲದೆ ಹಾಕುವುದು ಅಪರಾಧ, ಅಕ್ಕಪಕ್ಕದವರ ನೆಟ್‌ವರ್ಕೂ ಕೆಡುತ್ತದೆ. ಮೊಬೈಲ್ ಕಂಪನಿಯನ್ನೇ ಕೇಳಿ. ಅದಕ್ಕೂ ಮೊದಲು ಫೋನ್ ಹಿಡಿದು ಪ್ರತಿ ಮಹಡಿ ಸುತ್ತಿ, ಸಿಗ್ನಲ್ ಬಲದ ಅಂಕಿ (ಡಿಬಿಎಂ ಲೆಕ್ಕದಲ್ಲಿ) ಬರೆದಿಡಿ. 4ಜಿಯಲ್ಲಿ ಮೈನಸ್ 85 ಚೆನ್ನ, ಮೈನಸ್ 115 ಕಷ್ಟ.

ಇನ್ನು ಮೈಮೊ, ಅಂದರೆ ಹಲವು ಆಂಟೆನಾಗಳಿಂದ ಒಟ್ಟಿಗೆ ಡೇಟಾ ಕಳಿಸಿ ಪಡೆಯುವ ವಿಧಾನ. 4ಜಿ, 5ಜಿ ಫೋನು ಒಂದೇ ಹೊತ್ತಿಗೆ ಎರಡು ಅಥವಾ ನಾಲ್ಕು ಬೇರೆ ಬೇರೆ ಡೇಟಾ ಧಾರೆಗಳನ್ನು ಹಿಡಿಯಬಲ್ಲದು. ವೇಗದ ಗುಟ್ಟು ಅದೇ. ಎರಡು ಧಾರೆಗಳನ್ನು ಸುಮ್ನೆ ಒಂದೇ ಕೇಬಲಿಗೆ ಸೇರಿಸಿದರೆ ಆ ಲಾಭ ಹೋಯಿತು. ಹಾಗಾಗಿ ಕೇಬಲ್ ಎರಡು, ಸಿಗ್ನಲ್ ಕವಲೊಡೆಸುವ ಸ್ಪ್ಲಿಟರ್ ಎರಡು, ಎಲ್ಲವೂ ಜೋಡಿ. ಕೊನೆಯಲ್ಲಿ ಮಾತ್ರ ಎರಡೂ ಒಂದೇ ಆಂಟೆನಾ ಡಬ್ಬಿಗೆ ಬರಬಹುದು. ಒಳಗೆ ಒಂದರ ಅಲೆ ನೆಟ್ಟಗೆ, ಇನ್ನೊಂದರದು ಅಡ್ಡಡ್ಡ. ಖರ್ಚು ಜಾಸ್ತಿ, ನಿಜ. ಬರೀ ಪಾರ್ಕಿಂಗ್ ಜಾಗಕ್ಕೆ ಒಂದೇ ಕೇಬಲ್ ಸಾಕು ಎಂಬುದು ನನ್ನ ಲೆಕ್ಕ. ಅಲ್ಲಿ ಬೇಕಿರುವುದು ಕರೆ ಮತ್ತು ಯುಪಿಐ, ಅಲ್ವಾ?

ಹಂಚಿಕೆಯಲ್ಲಿ ನಾಲೆ ನೀರಿನ ಲೆಕ್ಕ ನೆನಪಿಡಿ. ಮೊದಲ ತೂಬೇ ಬಾಚಿಕೊಂಡರೆ ಕೊನೆಯ ಗದ್ದೆ ಒಣಗುತ್ತದೆ. ಅರ್ಧ ಇಂಚಿನ ಕೇಬಲ್‌ನಲ್ಲಿ 100 ಮೀಟರ್ ಸಾಗುವಷ್ಟರಲ್ಲಿ 1800 ಮೆಗಾಹರ್ಟ್ಸ್ ಸಿಗ್ನಲ್ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. 5ಜಿಯ 3500 ಮೆಗಾಹರ್ಟ್ಸ್ ಇನ್ನೂ ಬೇಗ ಸೊರಗುತ್ತದೆ. ಆದ್ದರಿಂದ ಹತ್ತಿರದ ಮಹಡಿಗೆ 10 ಡಿಬಿ ಕಪ್ಲರ್ ಹಾಕುತ್ತಾರೆ. ಅದು ಹತ್ತರಲ್ಲೊಂದು ಪಾಲು ತೆಗೆದುಕೊಂಡು ಉಳಿದದ್ದನ್ನು ಮುಂದಕ್ಕೆ ಬಿಡುತ್ತದೆ. ಸಮಪಾಲು ಮಾಡುವ ಸ್ಪ್ಲಿಟರ್ ಏನಿದ್ದರೂ ಕೊನೆಗೆ. ಜೋಡಿ ಕೇಬಲ್‌ಗಳ ಸಿಗ್ನಲ್ ನಡುವೆ 3 ಡಿಬಿಗಿಂತ (ಅಂದರೆ ಸುಮಾರು ಎರಡು ಪಟ್ಟಿಗಿಂತ) ಜಾಸ್ತಿ ವ್ಯತ್ಯಾಸ ಬರದಂತೆ ಉದ್ದವನ್ನೂ ಸರಿದೂಗಿಸಿ.

ಕನೆಕ್ಟರ್‌ಗಳನ್ನು, ಎಷ್ಟು ಬೇಕೋ ಅಷ್ಟೇ ಬಿಗಿ ಮಾಡುವ ಟಾರ್ಕ್ ಸ್ಪ್ಯಾನರ್‌ನಲ್ಲೇ ಬಿಗಿ ಮಾಡಿಸಿ. ಸಡಿಲ ಅಥವಾ ತುಕ್ಕು ಹಿಡಿದ ಕೀಲು ತಾನೇ ಗದ್ದಲದ ಸಿಗ್ನಲ್ ಹುಟ್ಟಿಸುತ್ತದೆ.

ಒಂದು ಮೋಸ ಇಲ್ಲಿದೆ. ಎರಡನೇ ಕೇಬಲ್ ಕಿತ್ತುಹೋಗಿದ್ದರೂ ಫೋನಿನಲ್ಲಿ ಕಡ್ಡಿ ಪೂರ್ತಿ ಕಾಣಬಹುದು, ವೇಗ ಮಾತ್ರ ಅರ್ಧಕ್ಕೆ ಇಳಿದಿರುತ್ತದೆ. ಪ್ರತಿ ಆಂಟೆನಾದಲ್ಲೂ ಎರಡೂ ಕೇಬಲ್‌ಗಳನ್ನು ಬೇರೆ ಬೇರೆಯಾಗಿ ಅಳೆದ ಪಟ್ಟಿಯನ್ನು ಗುತ್ತಿಗೆದಾರರಿಂದ ಬರೆಸಿಕೊಂಡು, ಆಮೇಲೆ ಸೀಲಿಂಗ್ ಮುಚ್ಚಲು ಹೇಳಿ.