ಕಂತು ಕಟ್ಟೋರು ಯಾರು?

ಧಾರವಾಡದಲ್ಲಿ ಎಂ.ಎ. ಓದುವಾಗ ಕಿರುಪ್ರಬಂಧಕ್ಕೆ ಶಿಕ್ಷಣ ಸಾಲವನ್ನೇ ಆರಿಸಿಕೊಂಡೆ. ಓದಿದ ಹುಡುಗರು ಸಾಲ ಹೇಗೆ ತೀರಿಸುತ್ತಾರೆ ಅನ್ನೋದು ನನ್ನ ಪ್ರಶ್ನೆ. ಫೋನ್ ಮಾಡಿ ಕೇಳಿದರೆ ಆಯ್ತು ಅಂದುಕೊಂಡಿದ್ದೆ. "ಸಾಲದ ಬಗ್ಗೆ ಸ್ವಲ್ಪ ಮಾತಾಡೋದಿತ್ತು" ಅಂದ ಕೂಡಲೇ ಫೋನ್ ಕಟ್ ಆಗುತ್ತಿತ್ತು. ಒಬ್ಬ ತಾಯಿಯಂತೂ "ಮುಂದಿನ ತಿಂಗಳ ಕಟ್ತೀವ್ರಿ ಸರ್, ಮನಿಗೆ ಬರಬ್ಯಾಡ್ರಿ" ಅಂದರು. ವಸೂಲಿಗೆ ಬರುವವನು ಅಂತ ತಿಳಿದಿದ್ದರು. ಅವತ್ತು ಮತ್ತೆ ಫೋನ್ ಮುಟ್ಟಲಿಲ್ಲ.

ಬ್ಯಾಂಕಿನಲ್ಲಿ ಗ್ರಾಹಕರ ಖಾತೆಯ ವಿವರ ಕೊಡಲ್ಲ ಅಂದರು. ಅದು ಸರಿಯೇ, ಬಿಡಿ. ಕೊನೆಗೆ ಗೆಳೆಯರ ಗುರುತಿನ ಮೇಲೆ ಮನೆಮನೆಗೆ ಹೋದೆ. ಹುಬ್ಬಳ್ಳಿಗೆ ಚಿಗರಿ ಬಸ್ಸು, ಅಲ್ಲಿಂದ ಹಾವೇರಿ ಕಡೆಗೆ.

ಬ್ಯಾಡಗಿ ಹತ್ತಿರದ ಒಂದು ಮನೆಯಲ್ಲಿ ನನ್ನ ಪ್ರಶ್ನಾವಳಿ ಕೈಕೊಟ್ಟಿತು. ಮಗ ಎಂಜಿನಿಯರ್, ಬೆಂಗಳೂರಿನಲ್ಲಿ ಸಣ್ಣ ಸಂಬಳ. "ಕಂತು ಸರಿಯಾಗಿ ಕಟ್ಟುತ್ತೀರಾ? ಹೌದು, ಇಲ್ಲ" ಅಂತಿತ್ತು ನನ್ನ ಹಾಳೆಯಲ್ಲಿ. ಅಪ್ಪ ಹೇಳಿದ್ದು: "ಕಟ್ತೀವ್ರಿ. ಆದ್ರ ಮೆಣಸಿನಕಾಯಿ ಮಾರಿದ ಮ್ಯಾಲೆ." ಯಾವುದಕ್ಕೆ ಟಿಕ್ ಹಾಕಲಿ? ಬ್ಯಾಂಕಿಗೆ ಕಂತು ತಿಂಗಳ ತಿಂಗಳ ಬೇಕು. 90 ದಿನ ದಾಟಿ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ರೈತನ ರೊಕ್ಕ ಬರೋದು ವರ್ಷಕ್ಕೊಮ್ಮೆ. ಸಾಲದಲ್ಲಿ ಅಪ್ಪನೂ ಜಂಟಿ ಸಾಲಗಾರ. ಹಾಗಾಗಿ ಕಂತು ತಪ್ಪಿದರೆ ಇಬ್ಬರ ಸಿಬಿಲ್ ಅಂಕವೂ, ಅಂದರೆ ಸಾಲ ತೀರಿಸುವ ನಂಬಿಕೆಗೆ ಕೊಡುವ ಅಂಕವೂ, ಕೆಡುತ್ತದೆ.

ಅವತ್ತೇ ರಾತ್ರಿ ಆ ಪ್ರಶ್ನೆ ಹೊಡೆದು ಹಾಕಿದೆ. ಬದಲಿಗೆ ಕೇಳಿದ್ದು ಎರಡೇ: ಯಾರ ಜೇಬಿನಿಂದ, ಯಾವ ತಿಂಗಳಲ್ಲಿ. ಮನಸ್ಸಿದ್ದರೆ ಪಾಸ್‌ಬುಕ್ ತೋರಿಸಿ ಅಂದೆ. ಸಂಶೋಧನೆ ನಿಜವಾಗಿ ಶುರುವಾಗಿದ್ದು ಅಲ್ಲಿಂದ. ಕೆಲವು ಪುಟಗಳಲ್ಲಿ ಪ್ರತಿ ತಿಂಗಳು ಸಂಬಳದಿಂದ ಸಣ್ಣ ಮೊತ್ತ. ಇನ್ನು ಕೆಲವು ತಿಂಗಳುಗಟ್ಟಲೆ ಖಾಲಿ, ಆಮೇಲೆ ಒಮ್ಮೆಗೇ ದೊಡ್ಡ ನಗದು. ಗದಗ ಕಡೆ ಅದು ಹೆಸರುಕಾಳಿನ ಪೀಕು ಬಂದ ಹೊತ್ತು.

ಇನ್ನೊಂದು ಮಾತು ಎಲ್ಲ ಕಡೆ ಸಿಕ್ಕಿತು. ಓದು ಮುಗಿದ ಮೇಲೂ ಒಂದು ವರ್ಷ ಕಂತು ಇರಲ್ಲ ಅನ್ನೋದು ಗೊತ್ತು. ಆದರೆ ಬಡ್ಡಿಯೂ ನಿಂತಿರುತ್ತದೆ ಅಂತ ನಂಬಿದ್ದರು. ಹಾಗಲ್ಲ. ನಾಲ್ಕು ವರ್ಷ, ವರ್ಷದ ಶುರುವಿಗೆ 1 ಲಕ್ಷದಂತೆ ಸಾಲ ತೆಗೆದರೆ, 10% ಸರಳ ಬಡ್ಡಿಯಲ್ಲಿ ಮೊದಲ ಕಂತಿನ ಹೊತ್ತಿಗೆ 5.4 ಲಕ್ಷ ಆಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 7,100 ರೂಪಾಯಿ. ಓದುವಾಗಲೂ, ಆಮೇಲಿನ ಆ ಒಂದು ವರ್ಷವೂ ಬಡ್ಡಿ ಕಟ್ಟುತ್ತ ಬಂದಿದ್ದರೆ ಸುಮಾರು 5,300. ವರ್ಷಕ್ಕೆ 4.5 ಲಕ್ಷದೊಳಗೆ ಆದಾಯ ಇರುವ ಮನೆಗಳಿಗೆ ಆ ಅವಧಿಯ ಬಡ್ಡಿಯನ್ನು ಕೇಂದ್ರವೇ ತುಂಬುವ ಯೋಜನೆ 2009ರಿಂದ ಇತ್ತು. ಸಾಲ ತೆಗೆಯುವಾಗ ಅದನ್ನು ಕೇಳದೆ ಬಂದವರನ್ನೂ ನೋಡಿದೆ. ಹೊಟ್ಟೆ ಉರೀತು.

ಮಾರ್ಗದರ್ಶಕರು ಒಂದು ಕೊಕ್ಕೆ ಹಾಕಿದರು: "ಫೋನ್ ಕಟ್ ಮಾಡಿದವರು ನಿನ್ನ ಲೆಕ್ಕದಲ್ಲಿ ಇಲ್ವಲ್ಲ?" ನಿಜ. ಬಹುಶಃ ಜಾಸ್ತಿ ಕಷ್ಟದಲ್ಲಿ ಇದ್ದವರು ಅವರೇ. ಅದನ್ನು ಪ್ರಬಂಧದಲ್ಲಿ ಹಾಗೇ ಬರೆದೆ.

ಬ್ಯಾಡಗಿ ಕಡೆಯ ಆ ಅಪ್ಪನಿಗೆ ಒಂದು ದಾರಿ ಹೇಳಿದ್ದೆ. ಪೀಕಿನ ರೊಕ್ಕದಲ್ಲಿ ಹನ್ನೆರಡು ಕಂತಿನಷ್ಟು ಉಳಿತಾಯ ಖಾತೆಯಲ್ಲಿ ತೆಗೆದಿಟ್ಟು, ಅಲ್ಲಿಂದ ತಿಂಗಳ ತಿಂಗಳ ತಾನಾಗಿ ಕಡಿತ ಆಗುವಂತೆ ಬರೆದುಕೊಡಿ ಅಂತ. ಮುಂದಿನ ಸುಗ್ಗಿಗೆ ಅವರೇ ಫೋನ್ ಮಾಡಿದರು. "ಎಂಟು ಕಂತಿಗೆ ಆಗೂವಷ್ಟು ಇಟ್ಟೀನಪಾ. ಈ ಸಲ ರೇಟು ಬಿತ್ತು."