ಬಳ್ಳಾರಿಯಿಂದ ಸೈಪ್ರಸ್‌ನಲ್ಲಿ ಮನೆ ಕೊಳ್ಳುವವರು ಮೊದಲು ನೋಡಬೇಕಾದ ಕಾಗದಗಳು

ಮಕ್ಕಳು ಯೂರೋಪಿನಲ್ಲಿ ಕೆಲಸಕ್ಕಿರುವ ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆಯ ಕುಟುಂಬಗಳಲ್ಲಿ ಸೈಪ್ರಸ್‌ನಲ್ಲೊಂದು ಮನೆ ಕೊಳ್ಳುವ ಮಾತು ಬಂದರೆ, ಚರ್ಚೆಯೆಲ್ಲ ಬೆಲೆ ಎಷ್ಟು, ಸಮುದ್ರ ಎಷ್ಟು ದೂರ ಎಂಬುದರ ಸುತ್ತಲೇ ನಡೆಯುತ್ತದೆ. ಈ ವ್ಯವಹಾರ ಕೆಡುವುದು ಮಾತ್ರ ಬಹುಪಾಲು ಅಲ್ಲಿಯ ಹಕ್ಕುಪತ್ರದಲ್ಲಿ, ಇಲ್ಲವೇ ಇಲ್ಲಿಂದ ಹಣ ಹೋಗುವ ದಾರಿಯಲ್ಲಿ.

ಮನೆ ದ್ವೀಪದ ಯಾವ ಭಾಗದಲ್ಲಿದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಖಚಿತಪಡಿಸಿಕೊಳ್ಳಬೇಕು. 1974ರಲ್ಲಿ ಟರ್ಕಿಯ ಸೇನೆ ಬಂದ ಮೇಲೆ ದ್ವೀಪ ಎರಡಾಯಿತು. ಉತ್ತರದಿಂದ ಓಡಿಬಂದ ಗ್ರೀಕ್ ಸೈಪ್ರಿಯಟ್ ಕುಟುಂಬಗಳ ಜಮೀನು ಕಾನೂನಿನ ಕಣ್ಣಿನಲ್ಲಿ ಇಂದಿಗೂ ಅವರದೇ ಆಗಿದೆ. ಅಂಥ ಜಾಗದಲ್ಲಿ ಮನೆ ಕಟ್ಟಿಸಿಕೊಂಡ ಬ್ರಿಟಿಷ್ ದಂಪತಿಯೊಬ್ಬರು ಮನೆ ಕೆಡವಿ ಜಾಗ ಬಿಟ್ಟುಕೊಡಬೇಕೆಂದು ಸೈಪ್ರಸ್ ನ್ಯಾಯಾಲಯ ತೀರ್ಪು ಕೊಟ್ಟಿತು. ಆ ತೀರ್ಪನ್ನು ಬ್ರಿಟನ್‌ನಲ್ಲಿಯೂ ಜಾರಿ ಮಾಡಬೇಕೆಂದು 2009ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿತು. ಉತ್ತರದಲ್ಲಿ ಬೆಲೆ ಅಗ್ಗವೆಂದು ಯಾರಾದರೂ ಆಸೆ ತೋರಿಸಿದರೆ ಅಲ್ಲಿಗೇ ಕೈಬಿಡುವುದು ಒಳ್ಳೆಯದು. ಲಿಮಾಸೋಲ್, ಲಾರ್ನಾಕಾ, ಪಾಫೋಸ್‌ಗಳಿರುವ ದಕ್ಷಿಣ ಭಾಗವನ್ನಷ್ಟೇ ಮುಂದೆ ಗಮನದಲ್ಲಿಟ್ಟುಕೊಂಡಿದ್ದೇನೆ.

ದಕ್ಷಿಣದಲ್ಲಿಯೂ ಎಚ್ಚರ ತಪ್ಪುವಂತಿಲ್ಲ. ಕಟ್ಟಡ ಪೂರ್ತಿಯಾಗಿ, ಜನ ವಾಸಕ್ಕೆ ಬಂದು ವರ್ಷಗಳಾದರೂ ಪ್ರತಿ ಮನೆಗೆ ಪ್ರತ್ಯೇಕ ಹಕ್ಕುಪತ್ರ ಬಂದಿರದ ಉದಾಹರಣೆಗಳು ಅಲ್ಲಿ ಬಹಳ. ಬುಡಾ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಇಲ್ಲದ ಲೇಔಟಿನಲ್ಲಿ ಸೈಟು ಕೊಂಡು ಖಾತೆಗಾಗಿ ಅಲೆಯುವವರ ಪಾಡೇ ಅವರದು. ಕಟ್ಟಿದವರು ಜಮೀನನ್ನು ಬ್ಯಾಂಕಿಗೆ ಅಡವಿಟ್ಟಿದ್ದರಂತೂ, ಪೂರ್ತಿ ಹಣ ಕೊಟ್ಟವರ ಮನೆಯ ಮೇಲೂ ಆ ಸಾಲ ಕೂತಿರುತ್ತದೆ. ಹೀಗೆ ಸಿಕ್ಕಿಕೊಂಡವರಿಗಾಗಿಯೇ 2015ರಲ್ಲಿ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಆದ್ದರಿಂದ ಮುಂಗಡ ಕೊಡುವ ಮುನ್ನ, ಮಾರುವವರ ಒಪ್ಪಿಗೆ ಪಡೆದು, ನಮ್ಮ ಇಸಿಯಂತೆ ಋಣಭಾರ ತೋರಿಸುವ ಪ್ರಮಾಣಪತ್ರವನ್ನು ಭೂ ನೋಂದಣಿ ಕಚೇರಿಯಿಂದ ವಕೀಲರ ಮೂಲಕ ತೆಗೆಸಬೇಕು. ಆ ವಕೀಲರು ಬಿಲ್ಡರ್ ತೋರಿಸಿಕೊಟ್ಟವರಾಗಿರಬಾರದು. ಕರಾರಿಗೆ ಸಹಿ ಬಿದ್ದ ಮೇಲೆ ಅದನ್ನು ಆರು ತಿಂಗಳೊಳಗೆ ಅದೇ ಕಚೇರಿಯಲ್ಲಿ ಸಲ್ಲಿಸಿದರೆ ಆಸ್ತಿಯ ಮೇಲೆ ಕೊಳ್ಳುವವರ ಹಕ್ಕು ದಾಖಲಾಗುತ್ತದೆ, ಆದರೆ ಮೊದಲೇ ಇದ್ದ ಅಡಮಾನ ಅದಕ್ಕಿಂತ ಮುಂದಿರುತ್ತದೆ.

ಭಾರತೀಯರು ಯುರೋಪಿಯನ್ ಒಕ್ಕೂಟದ ಹೊರಗಿನವರಾದ್ದರಿಂದ ಅಲ್ಲಿಯ ಜಿಲ್ಲಾಡಳಿತದ ಅನುಮತಿ ಬೇಕು. ಸಾಮಾನ್ಯವಾಗಿ ಒಂದು ಮನೆಗೆ, 4,014 ಚದರ ಮೀಟರ್ ಮೀರದ ಜಾಗಕ್ಕೆ, ಎಂದರೆ ಎಕರೆಗಿಂತ ತುಸು ಕಡಿಮೆಗೆ ಅದು ಸಿಗುತ್ತದೆ. ಮನೆ ಕೊಂಡ ಮಾತ್ರಕ್ಕೆ ಪೌರತ್ವ ಬರುವುದಿಲ್ಲ, ಹೂಡಿಕೆಗೆ ಪೌರತ್ವ ಕೊಡುತ್ತಿದ್ದ ಯೋಜನೆಯನ್ನು 2020ರಲ್ಲಿಯೇ ನಿಲ್ಲಿಸಲಾಗಿದೆ.

ವರ್ಗಾವಣೆ ಶುಲ್ಕ ಮೊದಲ 85,000 ಯೂರೋಗೆ ಶೇ. 3, ಮುಂದಿನ 85,000ಕ್ಕೆ ಶೇ. 5, ಅದರ ಮೇಲೆ ಶೇ. 8 ಇದ್ದು, ಅದರಲ್ಲಿ ಅರ್ಧ ರಿಯಾಯಿತಿ ಇದೆ. ಎರಡು ಲಕ್ಷ ಯೂರೋದ ಹಳೆಯ ಮನೆಗೆ ಲೆಕ್ಕ ಹಾಕಿದರೆ 9,200 ಆಗುತ್ತದೆ, ಕಟ್ಟಬೇಕಾದದ್ದು 4,600. ಹೊಸ ಮನೆಗೆ ವ್ಯಾಟ್ ಕಟ್ಟಿದ್ದರೆ ಈ ಶುಲ್ಕ ಇಲ್ಲ, ಆದರೆ ವ್ಯಾಟಿನ ಸಾಮಾನ್ಯ ದರವೇ ಶೇ. 19.

ಇನ್ನು ಹಣದ ದಾರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ಗಂಡ ಹೆಂಡತಿ ಜಂಟಿಯಾಗಿ ಕೊಂಡರೆ ಇಬ್ಬರ ಮಿತಿಯನ್ನೂ ಬಳಸಬಹುದು. ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇ. 20 ಟಿಸಿಎಸ್, ಎಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸಿದಾಗ ಅದು ತೆರಿಗೆಗೆ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ, ಆದರೆ ಅಲ್ಲಿಯವರೆಗೆ ಅಷ್ಟು ದುಡ್ಡು ಕೈಯಲ್ಲಿರುವುದಿಲ್ಲ. ಹೀಗೆ ಮನೆಗೆಂದು ಕಳಿಸುವ ಹಣಕ್ಕೆ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಭತ್ತ, ಹತ್ತಿ, ಮೆಣಸಿನಕಾಯಿ ಮಾರಿದ ಹಣಕ್ಕೆ ತೆರಿಗೆ ಇಲ್ಲವೆಂಬುದು ನಿಜವಾದರೂ ಅದು ಎಲ್ಲಿಂದ ಬಂತೆಂದು ಬ್ಯಾಂಕು ಕೇಳಿಯೇ ಕೇಳುತ್ತದೆ. ಗಂಜಿನ ದಲ್ಲಾಳಿ ಬರೆದುಕೊಟ್ಟ ಪಟ್ಟಿಗಳು, ಪಹಣಿ, ಪಾಸ್‌ಬುಕ್ಕಿನ ಜಮೆ ಒಂದಕ್ಕೊಂದು ತಾಳೆಯಾಗುವಂತಿರಬೇಕು. ಪತ್ರದಲ್ಲಿ ಸರ್ಕಾರಿ ಬೆಲೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವ ನಮ್ಮ ಕಡೆಯ ರೂಢಿಯನ್ನು ಇಲ್ಲಿ ಮರೆತುಬಿಡಬೇಕು. ಹವಾಲಾ ಮೂಲಕ ಹಣ ಹೋಗಿದೆ ಎಂದು ಕಂಡುಬಂದರೆ ಅಷ್ಟೇ ಬೆಲೆಯ ಇಲ್ಲಿಯ ಆಸ್ತಿಯನ್ನು ವಶಪಡಿಸಿಕೊಳ್ಳುವ ಅಧಿಕಾರ ಫೆಮಾ ಎಂಬ ವಿದೇಶಿ ವಿನಿಮಯ ಕಾಯ್ದೆಯಲ್ಲಿದೆ.

ಸಹಿ ಹಾಕಲು ಪ್ರತಿ ಸಲ ವಿಮಾನ ಹತ್ತಬೇಕಾಗಿಲ್ಲ. ಅಲ್ಲಿಯ ವಕೀಲರ ಹೆಸರಿಗೆ ಮುಕ್ತಿಯಾರ್‌ನಾಮೆ ಬರೆದು, ನೋಟರಿ ಮಾಡಿಸಿ, ಹೊರದೇಶದಲ್ಲಿ ಮಾನ್ಯವಾಗಲು ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಹಾಕಿಸಿ ಕಳಿಸಬಹುದು. ಮಾರುವ ಅಥವಾ ಅಡವಿಡುವ ಅಧಿಕಾರ ಅದರಲ್ಲಿ ಸೇರದಂತೆ ಪ್ರತಿ ಸಾಲನ್ನೂ ಓದಬೇಕು.

ಮನೆ ಹೆಸರಿಗಾದ ವರ್ಷದಿಂದ ಆದಾಯ ತೆರಿಗೆ ರಿಟರ್ನ್ಸ್‌ನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಅದನ್ನು ತೋರಿಸುವುದು ಕಡ್ಡಾಯ. ಬರೀ ಒಕ್ಕಲುತನದ ಆದಾಯವಿದ್ದು ಇದುವರೆಗೆ ರಿಟರ್ನ್ಸ್ ಹಾಕದವರೂ ಇನ್ನು ಹಾಕಲೇಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ ಹತ್ತು ಲಕ್ಷ ರೂಪಾಯಿ ದಂಡ ಬೀಳಬಹುದು. ಆ ಪಟ್ಟಿಗೆ ಡಿಸೆಂಬರ್ 31ಕ್ಕೆ ಮುಗಿಯುವ ವರ್ಷವೇ ಲೆಕ್ಕ, ಮಾರ್ಚ್ ಅಲ್ಲ.